ಟಾಪು ಸೋರುವುದಿಲ್ಲ

ಕಿರಿಯಳಿಯ ಓಪನ್ ಕಾರು ತಂದ ಮೇಲೆ ಹಿರಿಯಳಿಯನಿಗೆ ಊಟ ರುಚಿಸುತ್ತಿರಲಿಲ್ಲ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೊಟ್ಟೆನೋವಾದರೆ ಡಾಕ್ಟರಿಗೆ ಹೇಳಬಹುದು, ಹೊಟ್ಟೆಕಿಚ್ಚಿಗೆ ಮಾತ್ರೆ ಬರೆದುಕೊಡುವವರಿಲ್ಲ.

ಅವನದು ಕಾರುಗಳ ಕುಶನ್ ಅಂಗಡಿ. ಸೀಟಿನ ಕವರು, ಕುಸಿದ ಸ್ಪಾಂಜು, ಬಾಗಿಲಿನ ರಬ್ಬರು, ಜೀಪಿನ ಟಾಪು, ಯಾವುದನ್ನೂ ಬೇಡ ಅನ್ನುವುದಿಲ್ಲ. ಅಂಗಡಿಯ ಮುಂದೆ ರಸ್ತೆಯ ಕಡೆಗೆ ಇಳಿಜಾರಾದ ಸಿಮೆಂಟಿನ ಅಂಗಳವಿದೆ. ಅಲ್ಲಿ ಒಂದು ಕಾರು ನಿಲ್ಲುತ್ತದೆ. ಎರಡನೆಯದು ಬಂದರೆ ಪಕ್ಕದ ಬೀಗದಂಗಡಿಯವನು ಕೂಗಾಡುತ್ತಾನೆ. ಒಳಗೆ ಎರಡು ಹೊಲಿಗೆ ಯಂತ್ರ. ದೊಡ್ಡದರಲ್ಲಿ ಅವನ ಹೆಂಡತಿ ಕೂರುತ್ತಾಳೆ. ಅಳತೆ, ಕತ್ತರಿ, ಎಳೆದು ಕೂರಿಸುವುದು ಅವನದು. ಹೊಲಿಗೆ ಅವಳದು.

ಕಿರಿಯಳಿಯನದು ಕನ್ನಡಕದ ಅಂಗಡಿ. ಹೆಂಡತಿಯ ತಂಗಿಯ ಗಂಡ, ಅಂದರೆ ಷಡ್ಡಕ. ಕೆಟ್ಟವನಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಸೊಕ್ಕಿನವನಾಗಿದ್ದರೆ ಮನೆಯವರೆಲ್ಲ ಸೇರಿ ಬೈದುಕೊಂಡು ಹಗುರಾಗಬಹುದಿತ್ತು. ಇವನು ಬಾಯಿ ತುಂಬ "ಅಣ್ಣಾ" ಅನ್ನುತ್ತಿದ್ದ. ಅಣ್ಣಾ ಎನ್ನುವವನ ಮೇಲೆ ಹೊಟ್ಟೆ ಉರಿದುಕೊಳ್ಳುವುದು ಒಬ್ಬನೇ ಮಾಡಬೇಕಾದ ಕೆಲಸ.

ಮಾವನವರಿಗೆ ಗಂಡುಮಕ್ಕಳಿರಲಿಲ್ಲ. ಬಸ್ ಡ್ರೈವರ್ ಆಗಿದ್ದು ನಿವೃತ್ತರಾದವರು. ಹಿರಿಮಗಳ ಮದುವೆಯಾದಂದಿನಿಂದ ಭಾನುವಾರ ಬೆಳಿಗ್ಗೆ ಕುಶನ್ ಅಂಗಡಿಗೆ ಬರುವುದು ಅವರ ರೂಢಿ. ಪೇಪರ್ ಓದುವರು, ಹಳೆಯ ಸೀಟಿನ ಹೊಲಿಗೆ ಬಿಚ್ಚಿಕೊಡುವರು, ರಸ್ತೆಯಲ್ಲಿ ಹೋಗುವ ಪ್ರತಿಯೊಬ್ಬ ಡ್ರೈವರನನ್ನೂ ಬೈಯುವರು. ಹಿರಿಯಳಿಯನಿಗೆ ವಾರದಲ್ಲಿ ಬೇಕಾಗಿದ್ದದ್ದು ಅದೊಂದೇ. ಅವನ ಸ್ವಂತ ತಂದೆ ಎಂದೂ ಅವನ ಜೊತೆ ಹೀಗೆ ಕೂತು ಮಾತಾಡಿದ್ದಿಲ್ಲ.

ಕಾರು ಬಂದ ಮೇಲೆ ಭಾನುವಾರಗಳು ಅತ್ತ ಹೋದವು. ಟಾಪು ಮಡಚಿ, ಮಾವನನ್ನು ಮುಂದೆ ಕೂರಿಸಿಕೊಂಡು, ಕಿರಿಯಳಿಯ ಊರಾಚೆಯ ದೊಡ್ಡ ರಸ್ತೆಗೆ ಹೋಗುತ್ತಿದ್ದ. ಕುಶನ್ ಅಂಗಡಿಯ ಮುಂದೆಯೇ ದಾರಿ. ಮಾವನ ತಲೆಯ ಮೇಲೆ ಉಳಿದಿದ್ದ ನಾಲ್ಕು ಕೂದಲು ಧ್ವಜದ ಹಾಗೆ ಹಾರುತ್ತಿದ್ದವು. ಅವರು ಕೈಯೆತ್ತುತ್ತಿದ್ದರು. ಹಿರಿಯಳಿಯನೂ ಎತ್ತುತ್ತಿದ್ದ, ಕತ್ತರಿ ಹಿಡಿದ ಕೈಯನ್ನೇ.

ಇನ್ನೊಂದು ಸಂಗತಿ ಅವನಿಗೆ ಮುಳ್ಳಿನ ಹಾಗೆ ಚುಚ್ಚಿತ್ತು. ಮಾವ ಅವನನ್ನು ಮೊದಲಿನಿಂದಲೂ "ನೀನು" ಅನ್ನುತ್ತಿದ್ದರು, ಕಿರಿಯವನನ್ನು "ನೀವು". ಹೊರಗಿನವನಿಗೆ ಕೊಡುವ ಮರ್ಯಾದೆ ಅದು ಎಂದು ಹಿರಿಯಳಿಯ ಒಳಗೊಳಗೇ ಖುಷಿಪಟ್ಟಿದ್ದ. ಈಗ ಕಿರಿಯವನಿಗೂ "ಲೋ ಮರಿ" ಶುರುವಾಗಿತ್ತು.

ಹೆಂಡತಿಗೆ ಅವಳದೇ ಉರಿ ಇತ್ತು. ತಂಗಿ ತಲೆಗೆ ಸ್ಕಾರ್ಫು, ಕಣ್ಣಿಗೆ ಗಂಡನ ಅಂಗಡಿಯ ಕರಿ ಕನ್ನಡಕ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂತು ಹೋಗುವುದನ್ನು ನೋಡಿ ಅವಳು ಹೇಳಿದ್ದಳು: "ಟಾಪ್ ಮುಚ್ಚಿದ್ರೆ ಇವಳ ಮುಖ ಯಾರಿಗೂ ಕಾಣಲ್ವಲ್ಲ, ಅದಕ್ಕೇ ಬಿಚ್ಚೋದು."

ಮೊದಲ ಜೋರು ಮಳೆ ಬಂದ ಮಾರನೆಯ ದಿನ ಕಾರು ಕುಶನ್ ಅಂಗಡಿಯ ಅಂಗಳಕ್ಕೆ ಬಂತು. ಗಾಜುಗಳ ಒಳಮೈಯೆಲ್ಲ ಮಂಜು ಹಿಡಿದಿತ್ತು. ಬಾಗಿಲು ತೆಗೆದರೆ ಒದ್ದೆ ಕಂಬಳಿಯ ವಾಸನೆ.

"ಅಣ್ಣಾ, ಒಳಗೆ ಕೆರೆ ಆಗಿದೆ," ಅಂದ ಕಿರಿಯಳಿಯ. "ಮೀನು ಬಿಟ್ರೆ ಬೆಳೆಯುತ್ತೆ."

ಮಾವನೂ ಜೊತೆಗಿದ್ದರು. ಒದ್ದೆ ಕಾರಿನಿಂದ ಇಳಿಯಲೂ ಮನಸ್ಸಿಲ್ಲದೆ ಕಾಲನ್ನು ಹೊರಗಿಟ್ಟು ಕೂತಿದ್ದರು.

ಹಿರಿಯಳಿಯ ಹಿಂದಿನ ಸೀಟು ಕಳಚಿದ. ಕೆಳಗಿನ ಮ್ಯಾಟು ಒತ್ತಿದರೆ ಪಚಕ್ಕೆಂದು ನೀರು ಚಿಮ್ಮಿತು. ಟಾಪಿನ ಒಳಬದಿಯನ್ನು ಅಂಗೈಯಿಂದ ಸವರಿದ, ಒಣಗಿತ್ತು. ಅಲ್ಲಿಗೇ ಅವನಿಗೆ ಅರ್ಧ ತಿಳಿಯಿತು. ಇಂಥ ಕಾರಿನಲ್ಲಿ ಟಾಪು ಮಡಚಿ ಕೂರಲು ಹಿಂದೆ ಒಂದು ಗುಂಡಿ ಇರುತ್ತದೆ. ಟಾಪಿನ ಮೇಲಿಂದ ಜಾರಿದ ಮಳೆನೀರು ಆ ಗುಂಡಿಗೇ ಬೀಳುತ್ತದೆ. ಬಿದ್ದದ್ದು ಎರಡು ಮೂಲೆಯ ತೂತುಗಳಿಂದ ರಬ್ಬರ್ ಪೈಪಿಗೆ ಇಳಿದು ಚಕ್ರದ ಹತ್ತಿರ ಹೊರಗೆ ಹೋಗುತ್ತದೆ. ತೂತು ಕಟ್ಟಿಕೊಂಡರೆ ಗುಂಡಿ ತುಂಬಿ ನೀರು ಒಳಗೆ ಉಕ್ಕುತ್ತದೆ. ಅವನು ಟಾರ್ಚು ಹಾಕಿ ನೋಡಿದ. ಎರಡೂ ತೂತುಗಳ ಬಾಯಲ್ಲಿ ಕೊಳೆತ ಎಲೆ, ಕಪ್ಪು ರಾಡಿ. ಹಳೆಯ ಕ್ಲಚ್ ಕೇಬಲ್ಲಿನ ತಂತಿಯೊಂದನ್ನು ಅವನು ಇದಕ್ಕಾಗಿಯೇ ಇಟ್ಟುಕೊಂಡಿದ್ದ. ತಂತಿ ಆಡಿಸಿದರೆ ಟೀ ಆರುವಷ್ಟರಲ್ಲಿ ಮುಗಿಯುವ ಕೆಲಸ. ತಂತಿಯನ್ನು ಕೈಗೂ ತೆಗೆದುಕೊಂಡ.

ಆಗ ಮುಂದಿನ ಸೀಟಿನಲ್ಲಿ ಮಾವ ಕಿರಿಯಳಿಯನಿಗೆ ಹೇಳುತ್ತಿದ್ದರು: "ಜೀವಮಾನ ಪೂರ್ತಿ ಸ್ಟೇರಿಂಗ್ ಹಿಡಿದೆ ಕಣೋ ಮರಿ. ಮುಖಕ್ಕೆ ಗಾಳಿ ಅಂದ್ರೆ ಏನು ಅಂತ ನೀನು ತೋರಿಸಿದೆ. ಒಬ್ಬ ಮಗ ಇದ್ದಿದ್ರೆ ಹೀಗೇ ಇರ್ತಿದ್ದ."

ಹಿರಿಯಳಿಯ ಸೀಟಿನ ಹಿಂದೆ ಬಗ್ಗಿದ್ದ. ಅವನು ಅಲ್ಲಿರುವುದು ಅವರಿಗೆ ನೆನಪಿರಲಿಲ್ಲವೋ, ಇದ್ದರೂ ಲೆಕ್ಕಕ್ಕಿರಲಿಲ್ಲವೋ. ಅವನು ತಂತಿಯನ್ನು ಕೆಳಗಿಟ್ಟು ಎದ್ದು ನಿಂತ.

"ಟಾಪೇ ಹೋಗಿದೆ," ಅಂದ.

"ಹೌದಾ?" ಕಿರಿಯಳಿಯನ ಮುಖ ಸಪ್ಪಗಾಯಿತು.

"ಬಟ್ಟೆ ಸತ್ತಿದೆ. ಹೊಲಿಗೆಯ ತೂತೆಲ್ಲ ಬಾಯಿ ಬಿಟ್ಟಿವೆ. ಇವತ್ತು ಅಂಟು ಬಳಿದ್ರೆ ನಾಳೆ ಇನ್ನೊಂದು ಕಡೆ. ಈ ಕಾರಿನ ಹಣೆಬರಹ ಇಷ್ಟೇ. ನನ್ನ ಕೇಳಿದ್ರೆ, ಯಾರಾದ್ರೂ ಕೇಳಿದಾಗ ಕೊಟ್ಟುಬಿಡು."

ಯಂತ್ರದ ಸದ್ದು ನಿಂತಿತು. ಹೆಂಡತಿ ಒಳಗಿನಿಂದ ಕೇಳಿದಳು: "ರೀ, ತೂತು ನೋಡಿದ್ರಾ?"

"ನೋಡಿದೆ."

"ಎರಡೂ?"

"ನೋಡಿದೆ ಅಂದ್ನಲ್ಲ."

ಯಂತ್ರ ಮತ್ತೆ ಶುರುವಾಯಿತು.

ಕಿರಿಯಳಿಯ ಕಾರಿನ ಸುತ್ತ ಒಂದು ಸುತ್ತು ಬಂದ. ಹಿರಿಯಳಿಯ ಕಾಯುತ್ತಿದ್ದ, ಕಾರು ಮಾರಿಹೋಗುವುದನ್ನು, ಭಾನುವಾರಗಳು ವಾಪಸು ಬರುವುದನ್ನು. ಆದರೆ ಮಾವ ಬಾಯಿ ಹಾಕಿದರು.

"ಕೊಡೋದು ಯಾಕೆ? ಹೊಸ ಟಾಪು ಹೊಲಿಯೋಕೆ ಮನೇಲೇ ಆಳು ಇದಾನೆ. ಇವನ ಕೈಗೆ ಸಮ ಯಾರಿದ್ದಾರೆ? ಏನಪ್ಪಾ, ಆಗಲ್ವಾ ನಿನ್ನ ಕೈಲಿ?"

ಹೊಗಳಿಕೆ ಎಂಬುದು ಹೀಗೆ ಬೇಡದ ಹೊತ್ತಿನಲ್ಲಿ ಬರುತ್ತದೆ. ಆಗುವುದಿಲ್ಲ ಅಂದರೆ ಕೈಗೆ ಅವಮಾನ. ಆಗುತ್ತದೆ ಅಂದರೆ ಕಾರು ಉಳಿಯುತ್ತದೆ.

"ಆಗದೆ ಏನು," ಅಂದ ಹಿರಿಯಳಿಯ. ಅಷ್ಟಕ್ಕೇ ನಿಲ್ಲಬಹುದಿತ್ತು. ಷಡ್ಡಕನ ಮುಂದೆ ಸಣ್ಣವನಾಗಬಾರದೆಂದು ಸೇರಿಸಿದ: "ಬಟ್ಟೆಯೂ ನಂದೇ. ಮನೆಯವರ ಹತ್ರ ನಾನು ಕಾಸು ಮುಟ್ಟಲ್ಲ."

"ಅಣ್ಣಾ, ನೀವು ದೇವರು," ಅಂದ ಕಿರಿಯಳಿಯ, ನಿಜವಾಗಿಯೂ.

ಮಾರನೆಯ ಬೆಳಿಗ್ಗೆ ಅಂಗಡಿ ಗುಡಿಸುವಾಗ ಹೆಂಡತಿಗೆ ತಂತಿ ಸಿಕ್ಕಿತು. ಎತ್ತಿ ನೋಡಿ ಗೋಡೆಯ ಮೊಳೆಗೆ ಸಿಕ್ಕಿಸಿದಳು.

"ತಂತಿಗೆ ಒಂದು ಚೂರೂ ರಾಡಿ ಇಲ್ಲ," ಅಂದಳು.

ಅವನು ಅಳತೆ ಟೇಪನ್ನು ಸುತ್ತಿ ಬಿಚ್ಚಿ ಮಾಡುತ್ತಿದ್ದ. ಅವಳು ಮುಂದೆ ಕೇಳಲಿಲ್ಲ. ಕಾರು ಅಂಗಡಿಯಲ್ಲಿ ಇರುವಷ್ಟು ದಿನ ತಂಗಿ ಬಸ್ಸಿನಲ್ಲಿ ಓಡಾಡಬೇಕು ಎಂಬುದು ಅವಳಿಗೂ ಹೊಳೆದಿತ್ತು. ಅವತ್ತು ಮಧ್ಯಾಹ್ನ ಗಂಡನ ತಟ್ಟೆಗೆ ಕೇಳದೆಯೇ ಎರಡನೆಯ ಸಲ ಬಡಿಸಿದಳು. ಅವನು ಉಂಡ. ಗಂಡಹೆಂಡಿರು ಇಷ್ಟು ಒಮ್ಮತದಿಂದ ಇದ್ದು ಬಹಳ ಕಾಲವಾಗಿತ್ತು.

ಹಳೆಯ ಟಾಪು ಬಿಚ್ಚಿ ನೆಲದ ಮೇಲೆ ಹಾಸಿದರು. ಅದನ್ನೇ ಅಚ್ಚಾಗಿಟ್ಟು ಹೊಸ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯಬೇಕು. ಹಿರಿಯಳಿಯ ಮೊದಲು ಸಾಧಾರಣ ಕ್ಯಾನ್ವಾಸು ತೆಗೆದಿದ್ದ. ಅದನ್ನು ಹಾಸಿ ನೋಡಿದ, ಮಡಚಿಟ್ಟ. ಕಪಾಟಿನ ಮೇಲಿನಿಂದ ದಪ್ಪನೆಯ, ಒಳಗೆ ರಬ್ಬರಿನ ಪದರವಿರುವ ಬಟ್ಟೆ ಇಳಿಸಿದ. ಒಳ್ಳೆ ಗಿರಾಕಿಗೆಂದು ಇಟ್ಟದ್ದು. ಷಡ್ಡಕನಿಗೆ ಅದು ಬೇಕಾಗಿರಲಿಲ್ಲ. ಆದರೆ ಈ ಕಾರು ಊರೆಲ್ಲ ಸುತ್ತುತ್ತದೆ, ಟಾಪು ಯಾರದು ಎಂದು ಜನ ಕೇಳುತ್ತಾರೆ. ಕಳಪೆ ಕೆಲಸವನ್ನು ಊರ ಮೇಲೆ ಮೆರವಣಿಗೆ ಬಿಡಲು ಅವನಿಗೆ ಆಗಲಿಲ್ಲ.

ಹೆಂಡತಿ ಜೋಡಿ ಹೊಲಿಗೆ ಹಾಕಿದಳು. ಸೂಜಿಯ ತೂತುಗಳಿಗೆ ಒಳಗಿನಿಂದ ಪಟ್ಟಿ ಅಂಟಿಸಿದಳು. ಮೂಲೆಗಳಲ್ಲಿ ಯಂತ್ರ ತಿರುಗದ ಕಡೆ ಕೈಯಲ್ಲೇ ಹೊಲಿದಳು, ಬೆರಳಿಗೆ ಬಟ್ಟೆ ಸುತ್ತಿಕೊಂಡು. "ನನ್ನ ತಂಗಿ ತಲೆ ಮೇಲಿನ ಸೂರು ನಾನು ಹೊಲೀಬೇಕು ನೋಡಿ," ಅನ್ನುತ್ತಲೇ ಒಂದು ಹೊಲಿಗೆ ಸೊಟ್ಟಗಾದರೂ ಬಿಚ್ಚಿ ಮತ್ತೆ ಹಾಕುತ್ತಿದ್ದಳು.

ಮಾವ ದಿನಾ ಬರತೊಡಗಿದರು. ಇದು ಹಿರಿಯಳಿಯ ಆಸೆಪಟ್ಟಿದ್ದಕ್ಕಿಂತ ಹೆಚ್ಚು. ಆದರೆ ಅವರು ಅಂಗಡಿಯೊಳಗೆ ಬರುತ್ತಿರಲಿಲ್ಲ. ಸೀದಾ ಹೋಗಿ ಟಾಪಿಲ್ಲದ ಕಾರಿನ ಸ್ಟೇರಿಂಗಿನ ಮುಂದೆ ಕೂತುಬಿಡುತ್ತಿದ್ದರು. ಪೇಪರು ಓದುವುದು ಅಲ್ಲೇ, ಟೀ ಅಲ್ಲೇ. ಹಿರಿಯಳಿಯ ಪಕ್ಕದಲ್ಲಿ ನಿಂತು ಟಾಪನ್ನು ಎತ್ತಿಹಿಡಿಯುವ ಕಬ್ಬಿಣದ ಬಿಲ್ಲುಗಳನ್ನು ಉಜ್ಜುವಾಗ ಅವರು ಕಿರಿಯಳಿಯನ ಗುಣಗಾನ ಮಾಡುತ್ತಿದ್ದರು.

"ಗೇರ್ ಹಾಕೋದು ನೋಡಬೇಕು ಅವನು. ಬೆಣ್ಣೆ. ಕನ್ನಡಕ ಮಾರೋನಿಗೆ ಎಲ್ಲಿಂದ ಬಂತೋ ಆ ಕೈ."

"ಹೂಂ," ಅನ್ನುತ್ತಿದ್ದ ಹಿರಿಯಳಿಯ.

"ನೀನ್ಯಾಕೆ ಒಂದು ಸಲಾನೂ ಹತ್ತಲಿಲ್ಲ? ಕರೆದಾಗೆಲ್ಲ ಕೆಲಸ ಅಂದೆ."

"ಕೆಲಸ ಇತ್ತು ಮಾವ."

"ನಿಂಗೆ ಯಾವಾಗ್ಲೂ ಕೆಲಸ. ಈ ಹಳೇ ಟಾಪು ಅಷ್ಟು ಕೆಟ್ಟಿತ್ತಾ? ನೋಡೋಕೆ ಚೆನ್ನಾಗಿತ್ತಪ್ಪ."

ಹಿರಿಯಳಿಯ ಹಳೆಯ ಬಟ್ಟೆಯನ್ನು ಬೆಳಕಿಗೆ ಹಿಡಿದು ತೋರಿಸಿದ. ಇಲ್ಲಿ ನೂಲು ಸಡಿಲ, ಇಲ್ಲಿ ಬಣ್ಣ ಹೋಗಿದೆ, ಇಲ್ಲಿಂದಲೇ ನೀರು ಇಳಿಯುವುದು. ಬೀಗದಂಗಡಿಯವನಿಗೂ ಅದನ್ನೇ ತೋರಿಸಿದ. ದಾರಿಯಲ್ಲಿ ನಿಂತು ನೋಡಿದವರಿಗೂ. ಹೇಳುತ್ತ ಹೇಳುತ್ತ ಅವನಿಗೆ ಆ ಬಟ್ಟೆಯ ಮೇಲೆ ನಿಜವಾದ ಸಿಟ್ಟು ಬಂತು. ಎಂಥ ದರಿದ್ರ ಬಟ್ಟೆ, ಸೋರದೆ ಏನು ಮಾಡೀತು! ಟಾಪು ಕೂರಿಸುವ ಮೊದಲು ಯಾರೂ ಇಲ್ಲದ ಹೊತ್ತು ನೋಡಿ ತೂತುಗಳಿಗೆ ತಂತಿ ಆಡಿಸಿಬಿಡಬೇಕು ಎಂದು ಮೊದಲ ದಿನವೇ ಎಣಿಸಿದ್ದ. ಮಾವ ಕಾರು ಬಿಟ್ಟು ಇಳಿಯದ ಕಾರಣ ಅದು ನಾಳೆ, ನಾಳೆ ಎಂದಾಯಿತು. ಆಮೇಲೆ ಬಟ್ಟೆ ಎಳೆಯುವ ಕೆಲಸ ಬಂತು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಸುಕ್ಕು, ಸುಕ್ಕು ತೆಗೆದರೆ ಗಾಜಿನ ಅಂಚು ಕೂರುವುದಿಲ್ಲ. ಅದರಲ್ಲಿ ಮುಳುಗಿದವನಿಗೆ ತೂತುಗಳು ಪೂರ್ತಿ ಮರೆತೇಹೋದವು. ಹೆಂಡತಿ, ಅವನು ಮಾಡಿಯೇ ಇರುತ್ತಾನೆ ಅಂದುಕೊಂಡಿದ್ದಳು.

ಕೊನೆಗೆ ಟಾಪು ಕೂತಿತು. ಬೆರಳಿನಿಂದ ಹೊಡೆದರೆ ತಮಟೆಯ ಹಾಗೆ ಸದ್ದು ಬರುತ್ತಿತ್ತು. ಬೀಗದಂಗಡಿಯವನು ಎದ್ದು ಬಂದು ನೋಡಿ, ಮೊದಲ ಸಲ ಬೈಯದೆ ಹೋದ.

ಕುಶನ್ ಅಂಗಡಿಯಲ್ಲಿ ಒಂದು ಕಟ್ಟಳೆ ಇತ್ತು. ನೀರು ಸೋರುವ ಗಾಡಿ ರಿಪೇರಿಯಾದರೆ ಅದರ ಯಜಮಾನ ಒಳಗೆ ಕೂರಬೇಕು, ಹಿರಿಯಳಿಯ ಹೊರಗಿನಿಂದ ಪೈಪು ಹಿಡಿದು ನೀರು ಬಿಡಬೇಕು. ಯಜಮಾನ ಒಣಗಿದ ಬಟ್ಟೆಯಲ್ಲಿ ಇಳಿದು "ಸೋರಲ್ಲ" ಅಂದರೆ ಮಾತ್ರ ಗಾಡಿ ಅಂಗಳ ಬಿಡುತ್ತದೆ. ಆಮೇಲೆ ತಕರಾರು ಇಲ್ಲ.

ಕಿರಿಯಳಿಯ ಸ್ಟೇರಿಂಗಿನ ಕಡೆ ಕೂತ. "ನಾನೂ," ಎಂದು ಮಾವ ಪಕ್ಕಕ್ಕೆ ಹತ್ತಿದರು. ಜೊತೆಗೆ ಬಂದಿದ್ದ ನಾದಿನಿ ಅಂಗಡಿಯ ಬಾಗಿಲ ಬಳಿ ಅಕ್ಕನ ಪಕ್ಕ ನಿಂತಳು.

"ಭಾವ, ನಮ್ಮಪ್ಪನಿಗೆ ಸ್ನಾನ ಮಾಡಿಸಿ ಕಳಿಸಬೇಡಿ," ಅಂದಳು.

"ಈ ಟಾಪಿನಲ್ಲಿ ಒಂದು ಹನಿ ಬಂದ್ರೆ ನಾನು ಅಂಗಡಿ ಮುಚ್ಚಿಬಿಡ್ತೀನಿ," ಅಂದ ಹಿರಿಯಳಿಯ.

ನಲ್ಲಿ ತಿರುಗಿಸಿದ. ಕೆಳಗಿನಿಂದ ಶುರುಮಾಡಿ ಮೇಲೆ ಹೋದ. ಬಾಗಿಲಿನ ಅಂಚು, ಗಾಜು, ಮುಂದಿನ ಪಟ್ಟಿ, ನೆತ್ತಿ. ನೀರು ಟಾಪಿನ ಮೇಲೆ ಮಣಿಗಳಾಗಿ ಉರುಳಿ ಹಿಂದಕ್ಕೆ ಜಾರುತ್ತಿತ್ತು. ನೋಡಲು ಚೆಂದವಿತ್ತು. ಗಾಜಿನೊಳಗೆ ಮಾವ ಏನೋ ಹೇಳಿದರು, ಕಿರಿಯಳಿಯ ತಲೆ ಹಿಂದಕ್ಕೆಸೆದು ನಕ್ಕ. ಮಾವನೂ ನಕ್ಕರು, ಕಿರಿಯಳಿಯನ ತೊಡೆಗೆ ಹೊಡೆದರು. ಹೊರಗೆ ಏನೂ ಕೇಳಿಸುತ್ತಿರಲಿಲ್ಲ. ಹಿರಿಯಳಿಯನ ಅಂಗಿಯ ತೋಳು, ಪ್ಯಾಂಟು ಒದ್ದೆಯಾಗಿದ್ದವು. ತನ್ನ ಬಟ್ಟೆ, ತನ್ನ ಟಾಪು, ತನ್ನ ನಲ್ಲಿಯ ನೀರು. ಅದರ ಕೆಳಗೆ ಅವರಿಬ್ಬರು ಬೆಚ್ಚಗೆ ಕೂತು ನಗುತ್ತಿದ್ದಾರೆ. ಅವನು ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಇನ್ನಷ್ಟು ಜೋರಾಗಿ ಬಿಟ್ಟ. ಹಿಂದಿನ ಗಾಜಿಗೆ, ಟಾಪು ಗುಂಡಿಗೆ ಸೇರುವ ಜಾಗಕ್ಕೆ. ಬೇಕಾದದ್ದಕ್ಕಿಂತ ಬಹಳ ಹೊತ್ತು ಬಿಟ್ಟ.

ಮಾವ ಒಮ್ಮೆಲೇ ಕಾಲೆತ್ತಿದರು.

ಬಾಗಿಲು ತೆರೆಯಿತು. ಇಳಿಜಾರಿನಲ್ಲಿ ರಸ್ತೆಗೆ ಮುಖ ಮಾಡಿ ನಿಂತ ಕಾರು. ಹಿಂದೆ ಉಕ್ಕಿದ ನೀರು ಸೀಟಿನಡಿಯಿಂದ ಮುಂದಕ್ಕೆ ಹರಿದು ಬಂದಿತ್ತು. ಮಾವನ ಚಪ್ಪಲಿ ಮ್ಯಾಟಿನ ಮೇಲೆ ತೇಲುವಂತಿತ್ತು.

ಹಿರಿಯಳಿಯ ಹೆಂಡತಿಯ ಕಡೆ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು. ಇಬ್ಬರಿಗೂ ಒಂದೇ ಕ್ಷಣಕ್ಕೆ ಅರ್ಥವಾಯಿತು.

"ಪರವಾಗಿಲ್ಲಣ್ಣ," ಅಂದ ಕಿರಿಯಳಿಯ, ಒದ್ದೆಯಾದ ಕಾಲುಚೀಲ ಕಳಚುತ್ತ. "ಮೊದಲಿಗಿಂತ ಎಷ್ಟೋ ಕಡಿಮೆ. ಮಳೆ ದಿನ ಹೊರಗೆ ತೆಗೆಯಲ್ಲ, ಅಷ್ಟೇ. ನೀವು ಇಷ್ಟು ಕಷ್ಟಪಟ್ರಲ್ಲ, ಅದೇ ದೊಡ್ಡದು."

"ಸರಿ ಮಾಡ್ತೀನಿ, ಬಿಟ್ಟು ಹೋಗು," ಅಂದ ಹಿರಿಯಳಿಯ. ಬಿಟ್ಟು ಹೋಗಿದ್ದರೆ ಎಲ್ಲ ಮುಗಿಯುತ್ತಿತ್ತು.

"ಬೇಡ ಬಿಡು," ಅಂದರು ಮಾವ. ಬೈಯಲಿಲ್ಲ, ಅವನ ಬೆನ್ನು ತಟ್ಟಿದರು. "ಪಾಪ, ಕೈಲಾದಷ್ಟು ಮಾಡಿದ್ದಾನೆ. ಇದೇನು ಸೀಟ್ ಕವರ್ ಹೊಲಿದ ಹಾಗಾ? ದೊಡ್ಡ ಕಂಪನಿಯೋರು ಮಾಡೋ ಕೆಲಸ. ನಾನೇ ಸುಮ್ಮನೆ ಇವನ ತಲೆ ಮೇಲೆ ಹೇರಿದೆ."

"ಹೌದಪ್ಪ, ಭಾವ ಇನ್ನೇನು ಮಾಡ್ತಾರೆ," ಅಂದಳು ನಾದಿನಿ.

ಮೂವರೂ ಅವನನ್ನು ಕನಿಕರದಿಂದ ನೋಡುತ್ತಿದ್ದರು. ಬೀಗದಂಗಡಿಯವನೂ ಕತ್ತು ಹೊರಗೆ ಹಾಕಿದ್ದ. ಬಾಯಿ ಮುಚ್ಚಿಕೊಂಡಿದ್ದರೆ ಹಿರಿಯಳಿಯ ಪಾಪದವನಾಗಿ ಉಳಿಯುತ್ತಿದ್ದ, ಮಾವನ ಕೈ ಅವನ ಬೆನ್ನ ಮೇಲೆ ಇನ್ನೂ ಇತ್ತು. ಆದರೆ ಬೆನ್ನು ತಟ್ಟಿಸಿಕೊಳ್ಳುತ್ತಿರುವುದು ಸೋತದ್ದಕ್ಕೆ, ಅದೂ ಕಿರಿಯವನ ಮುಂದೆ.

"ನನ್ನ ಟಾಪು ಸೋರಲ್ಲ!" ಎಂದು ಕೂಗಿದ. "ಮುಟ್ಟಿ ನೋಡಿ. ಒಳಗೆ ಕೈಯಿಟ್ಟು ಮುಟ್ಟಿ ನೋಡಿ. ಒಂದು ಹನಿ ಇದ್ರೆ ಹೇಳಿ."

ಮಾವ ಕಾರಿನೊಳಗೆ ಕೈಚಾಚಿ ಟಾಪಿನ ಒಳಮೈ ಸವರಿದರು. ಬೆರಳು ನೋಡಿಕೊಂಡರು. "ಒಣಗಿದೆ. ಮತ್ತೆ ಈ ನೀರು?"

"ಹಿಂದೆ ತೂತು ಕಟ್ಟಿದೆ. ಅಲ್ಲಿಂದ."

"ಯಾವಾಗ ಕಟ್ಟಿತು?"

"ಮೊದಲಿಂದ್ಲೂ."

"ನೀನು ನೋಡಿದೆ ಅಂದಿದ್ದೆ."

"ನೋಡಿದ್ದೆ."

ಅಲ್ಲಿಗೆ ಎಲ್ಲ ಹೊರಗೆ ಬಂತು. ಯಾರೂ ಮತ್ತೊಂದು ಪ್ರಶ್ನೆ ಕೇಳಬೇಕಾಗಲಿಲ್ಲ. ಹಿರಿಯಳಿಯ ಒಳಗೆ ಹೋಗಿ ತಂತಿ ತಂದ. ಸೀಟಿನ ಹಿಂದೆ ಬಗ್ಗಿ ಒಂದು ತೂತಿಗೆ ಇಳಿಸಿ ತಿರುವಿದ, ಇನ್ನೊಂದಕ್ಕೆ ಇಳಿಸಿ ತಿರುವಿದ. ಚಕ್ರದ ಹತ್ತಿರ ಪೈಪಿನಿಂದ ಕಪ್ಪು ರಾಡಿ ಪೊಳಕ್ಕನೆ ಬಿತ್ತು, ಅದರ ಹಿಂದೆ ನೀರು ಹರಿದು ಅಂಗಳ ದಾಟಿ ಮೋರಿಗೆ ಹೋಯಿತು. ಕಿರಿಯಳಿಯ ಅದನ್ನು ನೋಡುತ್ತ ನಿಂತಿದ್ದ. ಹೊಸ ಟಾಪನ್ನು ನೋಡಿದ, ಮತ್ತೆ ರಾಡಿಯನ್ನು ನೋಡಿದ. ಇವನು ಯಾಕೆ ಹೀಗೆ ಮಾಡಿದ ಎಂದು ಅವನಿಗೆ ತಿಳಿಯುತ್ತಿರಲಿಲ್ಲ. ಅವನಿಗೆ ಯಾರ ಮೇಲೂ ಹೊಟ್ಟೆ ಉರಿದು ಅಭ್ಯಾಸವಿರಲಿಲ್ಲ.

ಮಾವನಿಗೆ ತಿಳಿದಿತ್ತು.

"ಅಲ್ಲಯ್ಯಾ," ಅಂದರು, "ನಿಂತ ಗಾಡೀಲಿ ಇಷ್ಟು ದಿನ ನನ್ನ ಕೂರಿಸಿದೆಯಲ್ಲ. ನನಗೆ ಉಳಿದಿರೋದು ಎಷ್ಟು ಭಾನುವಾರ ಅಂತ ಲೆಕ್ಕ ಇದೆಯಾ ನಿನ್ನ ಹತ್ರ?"

ಹಿರಿಯಳಿಯ ತಂತಿಯನ್ನು ಒರೆಸುತ್ತಿದ್ದ. ಒರೆಸುತ್ತಲೇ ಇದ್ದ.

"ನೀರು ಬಿಡು ಮತ್ತೆ," ಅಂದು ಮಾವ ಒದ್ದೆ ಸೀಟಿನ ಮೇಲೆಯೇ ಹತ್ತಿ ಕೂತರು. ಕಿರಿಯಳಿಯನೂ ಕೂತ. ಈ ಸಲ ಒಳಗೆ ಯಾರೂ ನಗಲಿಲ್ಲ. ಅವನು ನೆತ್ತಿಯಿಂದ ಹಿಂದಿನವರೆಗೆ ಎಲ್ಲ ಕಡೆ ನೀರು ಬಿಟ್ಟ. ಬಿದ್ದ ನೀರೆಲ್ಲ ಚಕ್ರದ ಹತ್ತಿರ ಸಣ್ಣಗೆ ಸುರಿದು ಹೋಯಿತು. ಮಾವ ಗಾಜು ಇಳಿಸಿದರು.

"ಸೋರಲ್ಲ," ಅಂದರು.

ನಾದಿನಿ ಅಕ್ಕನಿಗೆ ಹೇಳದೆ ಹಿಂದೆ ಹತ್ತಿದಳು. ಕಿರಿಯಳಿಯ ಚಾವಿ ತಿರುಗಿಸಿ, ಸ್ವಲ್ಪ ತಡೆದು, ತಲೆ ಹೊರಗೆ ಹಾಕಿದ. "ಅಣ್ಣಾ, ಟಾಪು ಚೆನ್ನಾಗಿದೆ. ನಿಜವಾಗ್ಲೂ. ಬನ್ನಿ, ಒಂದು ಸುತ್ತು ಹೋಗಿ ಬರೋಣ."

"ಅವನು ಬೇಡ," ಅಂದರು ಮಾವ. "ಹೊಟ್ಟೇಲಿ ಅಷ್ಟು ಬೆಂಕಿ ಇಟ್ಕೊಂಡಿರೋನನ್ನ ಪೆಟ್ರೋಲ್ ಗಾಡಿಗೆ ಹತ್ತಿಸಬಾರದು. ನಡಿ."

ಕಾರು ಅಂಗಳದಿಂದ ಇಳಿದು ರಸ್ತೆಗೆ ತಿರುಗಿತು. ಮಾವ ಕೈಯೆತ್ತಲಿಲ್ಲ. ಟಾಪಿನ ಮೇಲೆ ಉಳಿದ ನೀರು ಗಾಳಿಗೆ ಹಿಂದಕ್ಕೆ ಚದುರಿತು. ಒಂದು ಸುಕ್ಕಿಲ್ಲ, ಒಂದು ಹೊಲಿಗೆ ಅತ್ತಿತ್ತ ಇಲ್ಲ. ಹಿರಿಯಳಿಯ ಅದು ಮೂಲೆಯಲ್ಲಿ ಮರೆಯಾಗುವವರೆಗೂ ಟಾಪನ್ನೇ ನೋಡಿದ.

ಹೆಂಡತಿ ಬಂದು ನಲ್ಲಿ ನಿಲ್ಲಿಸಿದಳು.

"ಸುಮ್ಮನಿದ್ದಿದ್ರೆ ನಾಳೆ ಹೇಗಾದ್ರೂ ತೂತು ಬಿಡಿಸಬಹುದಿತ್ತು," ಅಂದಳು. "ಯಾರಿಗೂ ಗೊತ್ತಾಗ್ತಿರಲಿಲ್ಲ."

"ಟಾಪು ಸೋರ್ತು ಅಂತ ಆಗ್ತಿತ್ತಲ್ಲ."

"ಆಗ್ತಿತ್ತು." ಅವಳು ಪೈಪನ್ನು ಮೊಣಕೈಗೆ ಸುತ್ತುತ್ತ ಹೊರಟವಳು ಬಾಗಿಲಲ್ಲಿ ನಿಂತು ತಿರುಗಿದಳು. ಬಟ್ಟೆ ಸುತ್ತಿದ ಬೆರಳನ್ನು ಅವನ ಮುಖಕ್ಕೆ ಹಿಡಿದಳು.

"ಅದಿರಲಿ, ಊರಿಗೆಲ್ಲ ಕೇಳೋ ಹಾಗೆ ನನ್ನ ಟಾಪು, ನನ್ನ ಟಾಪು ಅಂದ್ರಲ್ಲ. ಹೊಲಿದೋಳು ಯಾರು?"